ಪೆಪ್ಟಿಕ್ ಹುಣ್ಣಿನ ಶಸ್ತ್ರಚಿಕಿತ್ಸೆ

ಜಠರದಲ್ಲಿ ಅಥವಾ ಸಣ್ಣಕರುಳಿನ ಮೊದಲ ಭಾಗವಾದ ಡುಯೊಡಿನಮ್‌ನಲ್ಲಿ ಆಗುವ ಹುಣ್ಣಿಗೆ ಮಾಡುವ ಶಸ್ತ್ರಕ್ರಿಯೆ. ಇಪ್ಪತ್ತನೆಯ ಶತಮಾನದ ಬಹುಭಾಗ ಹುಣ್ಣು ವಾಸಿಮಾಡಲು ಇದನ್ನು ವ್ಯಾಪಕವಾಗಿ ಬಳಸುತ್ತಿದ್ದರು. ಈಗ ಹುಣ್ಣು ತೂತಾದಾಗ, ರಕ್ತಸ್ರಾವ ನಿಲ್ಲದಿದ್ದಾಗ ಇಲ್ಲವೆ ಜಠರದ ಹೊರದಾರಿ ಕಟ್ಟಿಕೊಂಡಾಗ ಮಾತ್ರ ಹೆಚ್ಚಾಗಿ ಮಾಡುತ್ತಾರೆ.

ಇತಿಹಾಸ: ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ 1881ರಲ್ಲಿ ಕ್ಯಾನ್ಸರ್ ತಗಲಿದ ಜಠರದ ಕೆಳಭಾಗವನ್ನು ಯಶಸ್ವಿಯಾಗಿ ತೆಗೆದರು. ಅದೇ ವರ್ಷ ಪೋಲಿಷ್ ಶಸ್ತ್ರವೈದ್ಯ ಲುಡ್ವಿಕ್ ರಿಡಿಗಿಯರ್ ಹುಣ್ಣಿನ ರೋಗಿಯಲ್ಲಿ ಜಠರಛೇದನ ನಡೆಸಿದರು. ಆಮ್ಲಸ್ರಾವವನ್ನು ಪ್ರಚೋದಿಸುವ ವೇಗಸ್ ನರವನ್ನು ಕತ್ತರಿಸುವ ಕ್ರಮವನ್ನು 1943ರಲ್ಲಿ ಷಿಕಾಗೊದ ಲೆಸ್ಟರ್ ಡ್ರಾಗ್‌ಸ್ಟೆಟ್ ಆರಂಭಿಸಿದರು. ನರ ಕತ್ತರಿಸಿದರೆ ಜಠರ ಸರಿಯಾಗಿ ಬರಿದಾಗದು. ಹಾಗಾಗಿ ಅದರ ಹೊರದಾರಿಯನ್ನು ಅಗಲಿಸುವುದು ಅಥವಾ ಜಠರವನ್ನು ಸಣ್ಣಕರುಳಿಗೆ ಜೋಡಿಸುವುದು ಅಗತ್ಯವಾಯಿತು. ಆಮ್ಲ ಸ್ರವಿಸುವ ಭಾಗದ ಕವಲುಗಳನ್ನಷ್ಟೇ ಕತ್ತರಿಸುವ ವಿಧಾನ 1970ರಲ್ಲಿ ಲೀಡ್ಸ್ ಮತ್ತು ಕೋಪನ್‌ಹೇಗನ್‌ಗಳಿಂದ ಬಂತು.

ದಕ್ಷಿಣ ಭಾರತದಲ್ಲಿ ಡುಯೊಡಿನಮ್ ಹುಣ್ಣು ಬಹು ಸಾಮಾನ್ಯವಾಗಿತ್ತು. ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಅಕ್ಕಿ ಮುಖ್ಯ ಆಹಾರವಾದ ಪ್ರದೇಶಗಳಲ್ಲಿ ಇದು ಹೆಚ್ಚೆಂದು ಗುರುತಿಸಿದರು.

ಫಲಿತಾಂಶ: ವೇಗಸ್ ನರವನ್ನು ಕತ್ತರಿಸಿ ಜಠರದ ಕೆಳಭಾಗವನ್ನೂ ತೆಗೆದರೆ ಹುಣ್ಣು ಮರುಕಳಿಸುವುದು ಸುಮಾರು ನೂರಕ್ಕೆ ಒಬ್ಬರಲ್ಲಿ; ಕವಲುಗಳನ್ನಷ್ಟೇ ಕತ್ತರಿಸಿದರೆ ಸುಮಾರು ಹತ್ತು ಮಂದಿಯಲ್ಲಿ. ಆದರೆ ಮೊದಲನೆಯದರಲ್ಲಿ ತೊಡಕುಗಳು ಹೆಚ್ಚು. ಆಹಾರ ರಭಸವಾಗಿ ಕರುಳಿಗಿಳಿದು, ಊಟವಾದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು ಕಾಣಿಸಿಕೊಳ್ಳುವುದುಂಟು. ಸಿಹಿ ಬಿಟ್ಟು, ಸ್ವಲ್ಪ ಸ್ವಲ್ಪವೇ ಹಲವು ಸಲ ಉಂಡರೆ ಬಹುತೇಕರಿಗೆ ಇದು ಹತೋಟಿಗೆ ಬರುತ್ತದೆ. ಮುಂದೆ ಕಬ್ಬಿಣ ಮತ್ತು ಬಿ12 ಕೊರತೆಯಿಂದ ರಕ್ತಹೀನತೆ ಬರಬಹುದು. ಹದಿನೈದು-ಇಪ್ಪತ್ತು ವರ್ಷಗಳ ನಂತರ ಉಳಿದ ಜಠರದಲ್ಲಿ ಕ್ಯಾನ್ಸರ್ ಆಗುವ ಸಂಭವವೂ ಹೆಚ್ಚುತ್ತದೆ.

ಇಂದಿನ ಸ್ಥಿತಿ: ಆಮ್ಲ ತಗ್ಗಿಸುವ ಸಿಮೆಟಿಡೀನ್ 1976ರಲ್ಲಿ ಬಳಕೆಗೆ ಬಂತು, ಮುಂದೆ ಒಮೆಪ್ರಜೋಲ್ ಸೇರಿಕೊಂಡಿತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯದ ಪಾತ್ರವನ್ನು ತೋರಿಸಿ 2005ರ ನೊಬೆಲ್ ಪ್ರಶಸ್ತಿ ಪಡೆದರು. ಆ್ಯಂಟಿಬಯಾಟಿಕ್‌ಗಳಿಂದ ಹುಣ್ಣು ಗುಣವಾಗತೊಡಗಿದ ಮೇಲೆ ನರ ಕತ್ತರಿಸುವುದು ಅಪರೂಪವಾಯಿತು. ರಕ್ತಸ್ರಾವವನ್ನು ಮೊದಲು ಎಂಡೊಸ್ಕೋಪಿಯಿಂದಲೇ ನಿಲ್ಲಿಸಲು ನೋಡುತ್ತಾರೆ.

ಹುಣ್ಣು ತೂತಾದರೆ ಮಾತ್ರ ತಡಮಾಡುವಂತಿಲ್ಲ. ತೂತಿನ ಅಂಚುಗಳಿಗೆ ಹೊಲಿಗೆ ಹಾಯಿಸಿ, ಒಮೆಂಟಮ್ ಎಂಬ ಕೊಬ್ಬಿನ ಪದರದ ತುಂಡೊಂದನ್ನು ಅದರ ಮೇಲಿಟ್ಟು ದಾರ ಬಿಗಿದು, ಹೊಟ್ಟೆಯನ್ನು ಸಲೈನ್‌ನಿಂದ ತೊಳೆಯುತ್ತಾರೆ. ಟೊರಾಂಟೊದ ರಾಸ್ಕೊ ಗ್ರಹಾಂ 1937ರಲ್ಲಿ ವಿವರಿಸಿದ ಈ ತೇಪೆಯನ್ನು ಇಂದು ಲ್ಯಾಪರೊಸ್ಕೋಪಿಯಿಂದಲೂ ಹಾಕುತ್ತಾರೆ. ಇಳಿವಯಸ್ಸು, ಆಘಾತಸ್ಥಿತಿ, ಇತರ ಗಂಭೀರ ಕಾಯಿಲೆ ಹಾಗೂ 24 ಗಂಟೆ ಮೀರಿದ ವಿಳಂಬ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ತೇಪೆ ತೂತನ್ನು ಮುಚ್ಚುತ್ತದೆಯೇ ಹೊರತು ಹುಣ್ಣಿನ ಕಾರಣವನ್ನು ನೀಗಿಸದು. ಆದ್ದರಿಂದ ಬ್ಯಾಕ್ಟೀರಿಯ ಇದ್ದರೆ ಅದನ್ನು ನಿರ್ಮೂಲ ಮಾಡುವುದು, ನೋವಿನ ಮಾತ್ರೆ ಮತ್ತು ಧೂಮಪಾನ ಬಿಡಿಸುವುದು ಚಿಕಿತ್ಸೆಯ ಭಾಗವೇ ಆಗಿವೆ.