ಆ ದಾರಿ ಹಾಕಿದವರು ಯಾರು?

ನಾಲ್ಕು ಜನ ಗೆಳೆಯರು, ಒಂದು ಕ್ಯಾರವಾನ್. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಕಿಟಕಿಯಾಚೆ ಹಿಮದ ಬೆಟ್ಟಗಳು. ಕೆನಡಾದ ಡಾಸನ್ ಕ್ರೀಕ್‌ನಿಂದ ಹೊರಡುವ ಅಲಾಸ್ಕಾ ಹೆದ್ದಾರಿಯಲ್ಲಿ ಪ್ರತಿ ಬೇಸಿಗೆಯಲ್ಲೂ ಇದೇ ನೋಟ. ಆದ್ರೆ ಈ ರಸ್ತೆ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ ಸ್ವಾಮಿ, ಯುದ್ಧದ ಭಯಕ್ಕೆ ಹುಟ್ಟಿದ್ದು.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಅಲಾಸ್ಕಾಕ್ಕೆ ನೆಲದ ದಾರಿಯೇ ಇಲ್ಲ ಅನ್ನೋದು ಅಮೆರಿಕವನ್ನು ಕಾಡತೊಡಗಿತು. 1942ರ ಮಾರ್ಚ್‌ನಲ್ಲಿ ಸೈನಿಕರು ಕೆಲಸಕ್ಕಿಳಿದರು. ಕಾಡು, ಕೆಸರು, ಸೊಳ್ಳೆ, ಕೊರೆಯುವ ಚಳಿ. ಎಂಟೇ ತಿಂಗಳಲ್ಲಿ ಸುಮಾರು 2,400 ಕಿಲೋಮೀಟರ್ ಕಚ್ಚಾ ರಸ್ತೆ!

ಹತ್ತು ಸಾವಿರಕ್ಕೂ ಹೆಚ್ಚಿದ್ದ ಆ ಸೈನಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪುವರ್ಣೀಯರು. ಅವರದ್ದು ಬೇರೆ ತುಕಡಿ, ಬೇರೆ ಬಿಡಾರ. ಕೆಲಸ ಮಾತ್ರ ಒಂದೇ. 1942ರ ಅಕ್ಟೋಬರ್ 25ರಂದು ಯುಕಾನ್‌ನ ಬೀವರ್ ಕ್ರೀಕ್ ಬಳಿ ಎರಡು ದಿಕ್ಕಿನಿಂದ ಬಂದ ಬುಲ್ಡೋಜರ್‌ಗಳು ಎದುರಾದವು. ಒಂದರಲ್ಲಿ ಕಪ್ಪುವರ್ಣೀಯ ರಿಫೈನ್ಸ್ ಸಿಮ್ಸ್, ಇನ್ನೊಂದರಲ್ಲಿ ಬಿಳಿಯ ಆಲ್ಫ್ರೆಡ್ ಜಲುಫ್ಕಾ. ಇಬ್ಬರೂ ಕೈ ಕುಲುಕಿದರು.

1948ರಲ್ಲಿ ರಸ್ತೆ ಜನಸಾಮಾನ್ಯರಿಗೆ ತೆರೆಯಿತು. ಸೇನೆಯಲ್ಲಿ ಬಣ್ಣದ ಭೇದ ಕೂಡದು ಅಂತ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದೂ ಅದೇ ವರ್ಷ. ಇವತ್ತು ಗಾಡಿ ನಿಲ್ಲಿಸಿ ಬೆಟ್ಟದ ಫೋಟೋ ತೆಗೆಯುವವರು ಒಮ್ಮೆ ಕಾಲ ಕೆಳಗೂ ನೋಡಬೇಕು. ತಮ್ಮದೇ ದೇಶದ ಎಷ್ಟೋ ಹೋಟೆಲುಗಳಲ್ಲಿ ಬಿಳಿಯರ ಪಕ್ಕ ಕೂತು ಉಣ್ಣುವ ಹಕ್ಕಿಲ್ಲದವರು ಹಾಕಿಕೊಟ್ಟ ದಾರಿಯದು.