ನೇರ ಗೆರೆಯ ಒಗಟು

ಶಿವನಿಯ ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದೇಕೆ? ಅದರ ಸುರುಳಿಯ ವಿದ್ಯುತ್ ರೋಧದಿಂದ. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಂಪಾಗಿಸಿದಾಗ ಈ ರೋಧವೇ ಮಾಯವಾಯಿತು. ಇದೇ ಅತಿವಾಹಕತೆ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡಿನಲ್ಲಿ ಅದನ್ನು 30 ಕೆಲ್ವಿನ್ ಆಸುಪಾಸಿನಲ್ಲಿ ಕಂಡರು. ಮರುವರ್ಷ ಇಟ್ರಿಯಂ ಸೇರಿದ ಆಕ್ಸೈಡ್ 90 ಕೆಲ್ವಿನ್ ದಾಟಿತು.

ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವರು ಪಿ. ಗಂಗೂಲಿಯವರೊಡನೆ ಇಂಥದೇ ಪದರ ರಚನೆಯ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನುಗಳು ಸಾಗುವ ಬಗೆಯ ಕುರಿತು 1973ರಲ್ಲೇ ಪ್ರಬಂಧ ಪ್ರಕಟಿಸಿದ್ದರು. 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅವರ ತಂಡ ಇಟ್ರಿಯಂ ಆಕ್ಸೈಡಿನಲ್ಲಿ ಅತಿವಾಹಕತೆಗೆ ಕಾರಣವಾದ ಸಂಯುಕ್ತವನ್ನು ಗುರುತಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು.

ಆದರೆ ದೊಡ್ಡ ಒಗಟು ಇರುವುದು ಅತಿವಾಹಕವಾಗುವ ಮುಂಚಿನ ಸಾಮಾನ್ಯ ಸ್ಥಿತಿಯಲ್ಲಿ. ತಾಮ್ರದಂಥ ಲೋಹ ತೀರಾ ತಣ್ಣಗಾದಾಗ ಅದರ ರೋಧ ಒಂದು ಮಟ್ಟಕ್ಕೆ ಇಳಿದು ನಿಂತುಬಿಡುತ್ತದೆ. 1990ರಲ್ಲಿ ಪ್ರಕಟವಾದ ಅಳತೆಯಲ್ಲಿ, ಬಿಸ್ಮತ್ ಸೇರಿದ ಹರಳಿನ ರೋಧ ಸುಮಾರು 7ರಿಂದ 700 ಕೆಲ್ವಿನ್‌ವರೆಗೂ ನೇರ ಗೆರೆಯಂತೆ ಏರಿತ್ತು! ಏಕೆ? ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಸಿಕ್ಕಿಲ್ಲ.

ಕಂಡುಹಿಡಿಯಲು ಇನ್ನೇನೂ ಉಳಿದಿಲ್ಲವೆಂದು ಕೈಕಟ್ಟಿ ಕೂರಬೇಡಿ. 1973ರ ಆ ಕೆಲಸದ ಬೆಲೆ ಜಗತ್ತಿಗೆ ತಿಳಿಯಲು 13 ವರ್ಷ ಬೇಕಾಯಿತು. ಪ್ರಯೋಗಶಾಲೆಯಲ್ಲಿ ನೀವು ಇಂದು ಶ್ರದ್ಧೆಯಿಂದ ಮಾಡುವ ಅಳತೆಯೂ ವ್ಯರ್ಥವಾಗದು.