ಬೆನ್ನು ನೋವಿನ ಹಿಸ್ಟರಿ – ಭಾಗ 3: ಮೂಟೆಯದೊಂದೇ ತಪ್ಪಾ?

ಹೋದ ವರ್ಷ ಅಪ್ಪಂಗೆ ಡಿಸ್ಕ್ ಜಾರಿದಾಗ ಮನೇಲಿ ಎಲ್ಲರದ್ದೂ ಒಂದೇ ಮಾತು: "ಆ ಅಕ್ಕಿ ಮೂಟೆ ಎತ್ತಿದ್ದಕ್ಕೇ ಹಿಂಗಾಯ್ತು." ಅವತ್ತು ಅಂಗಡೀಲಿ ನಾನೂ ಇದ್ದೆ. ನಾಳೆ ಎಕ್ಸಾಮ್ ಅಂತ ಒಂದು ಕಡೆ ಹಿಡಿಯೋಕೂ ಏಳಲಿಲ್ಲ. ಆ ಮೂಟೆ ಇವತ್ತಿಗೂ ನನ್ನ ತಲೆ ಮೇಲಿದೆ. ಈ ಸರಣಿ ಶುರುವಾಗಿದ್ದೇ ಅದರಿಂದ.

ಹಿಂದಿನ ಭಾಗದಲ್ಲಿ 1934ರ ಬಾಸ್ಟನ್‌ಗೆ ಹೋಗಿದ್ವಿ. ಒಡೆದ ಡಿಸ್ಕ್ ನರವನ್ನ ಒತ್ತೋದ್ರಿಂದ ಕಾಲಿಗೆ ನೋವು ಇಳಿಯುತ್ತೆ ಅಂತ ಮಿಕ್ಸ್ಟರ್ ಮತ್ತು ಬಾರ್ ಅನ್ನೋ ಸರ್ಜನ್‌ಗಳು ತೋರಿಸಿದ್ರು. ಆಮೇಲೆ ದಶಕಗಳ ಕಾಲ ಅದೇ ಲೆಕ್ಕ: ಒತ್ತಡ ಇದ್ರೆ ನೋವು.

ಆದ್ರೆ ಲೆಕ್ಕ ಟ್ಯಾಲಿ ಆಗಲಿಲ್ಲ. 1990ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಬಂದಿರದ 67 ಜನರಿಗೆ ಎಂಆರ್‌ಐ ಮಾಡಿದ್ರು. 60 ವರ್ಷದೊಳಗಿನವರಲ್ಲೇ ಐವರಲ್ಲಿ ಒಬ್ಬರಿಗೆ ಡಿಸ್ಕ್ ಜಾರಿತ್ತು!

ಹಾಗಾದ್ರೆ ನೋವಿಗೆ ಇನ್ನೇನು ಕಾರಣ?

ಡಿಸ್ಕ್ ನಡುವೆ ಜೆಲ್ಲಿ ಥರದ ತಿರುಳಿರುತ್ತೆ. ದೊಡ್ಡವರಲ್ಲಿ ಅದರೊಳಗೆ ರಕ್ತನಾಳ ಇರಲ್ಲ. ಹಾಗಾಗಿ ರಕ್ತದ ಜೊತೆ ಓಡಾಡೋ ನಮ್ಮ ಕಾವಲು ಕಣಗಳಿಗೆ ಅದರ ಮುಖಪರಿಚಯವೇ ಇಲ್ಲ. ಡಿಸ್ಕ್ ಸವೆದು, ಬಿರುಕು ಬಿಟ್ಟು ತಿರುಳು ಆಚೆ ಬಂದ್ರೆ, ಮನೆಯವರನ್ನೇ ಕಳ್ಳ ಅಂದುಕೊಂಡು ಮೇಲೆ ಬೀಳ್ತವೆ.

1965ರಲ್ಲಿ ಬೊಬೆಚ್ಕೊ ಮತ್ತು ಹಿರ್ಷ್ ಮೊಲಗಳಲ್ಲಿ ಇದನ್ನ ನೋಡಿದ್ರು: ಮೊಲದ್ದೇ ತಿರುಳು, ಆದ್ರೂ ಅದರ ದೇಹ ತಿರುಗಿಬಿತ್ತು. 1993ರಲ್ಲಿ ಸ್ವೀಡನ್ನಿನ ಓಲ್ಮಾರ್ಕರ್ ತಂಡ ಹಂದಿಗಳ ನರದ ಮೇಲೆ ಅವುಗಳದೇ ತಿರುಳನ್ನ ಸುಮ್ನೆ ಇಟ್ಟಿತು. ಒತ್ತಲೇ ಇಲ್ಲ. ಆದ್ರೂ ನರದಲ್ಲಿ ಸಂದೇಶ ಹರಿಯೋ ವೇಗ ಇಳೀತು! 1998ರಲ್ಲಿ ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್ ಕಡೆಗೆ ಅದೇ ಊರಿನ ಸಂಶೋಧಕರು ಬೆರಳು ತೋರಿಸಿದ್ರು.

ಸರಿ, ಅದನ್ನ ತಡೆದ್ರೆ ನೋವು ಹೋಗುತ್ತಲ್ವಾ? ಫಿನ್ಲೆಂಡ್‌ನಲ್ಲಿ ಆ ಔಷಧಿ ಕೊಟ್ಟು ನೋಡಿದ್ರು. ಮೊದಲು ಆಸೆ ಹುಟ್ಟಿಸ್ತು. ಆಮೇಲೆ ಔಷಧಿಯೇ ಇಲ್ಲದ ಡ್ರಿಪ್ ಜೊತೆ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ವಿಷ್ಯ ಗೊತ್ತಾ? ಉರಿ ಹಚ್ಚೋ ಇದೇ ಕಾವಲು ಪಡೆ, ಆಚೆ ಬಂದ ತುಂಡನ್ನ ತಿಂದು ಸ್ವಚ್ಛನೂ ಮಾಡುತ್ತೆ. ಅದಕ್ಕೇ ಎಷ್ಟೋ ಜನರಿಗೆ ಆಪರೇಷನ್ ಇಲ್ದೆ ತಿಂಗಳುಗಳಲ್ಲಿ ವಾಸಿಯಾಗುತ್ತೆ. ಅಪ್ಪಂಗೂ ಹಾಗೇ ಆಯ್ತು.

ಮೂಟೆಯದ್ದು ಏನೂ ತಪ್ಪಿಲ್ಲ ಅಂತಲ್ಲ. ಆದ್ರೆ ಡಿಸ್ಕ್ ಸವೆಯೋದು ಒಂದೇ ದಿನದ ಲೆಕ್ಕ ಅಲ್ಲ.

ಇದೆಲ್ಲಾ ಅಪ್ಪಂಗೆ ಹೇಳಿ, "ಅವತ್ತು ನಾನು ಏಳಬೇಕಿತ್ತು" ಅಂದೆ. ಅಪ್ಪ ನಕ್ಕು, "ಮೂಟೆ ಬಿಡು, ಆ ಎಕ್ಸಾಮ್ ಏನಾಯ್ತು?" ಅಂದ್ರು.

ಪಾಸ್ ಆಗಿದೀನಿ. ಈಗ ಮೂಟೆ ನಾನೇ ಎತ್ತೋದು.